ಕೊಳವೆ ತೊಳೆದವಳು ನಾನೇ

ನನ್ನ ಮೊಮ್ಮಗಳು ಭಾಗ್ಯ ಪಾಸಾದಳು. ಒಂಬತ್ತು ತಿಂಗಳ ಕೂಸು ಯಾವ ಪರೀಕ್ಷೆ ಬರೆಯಿತು ಎಂದು ನಗಬೇಡಿ. ರೋಗವನ್ನು ಹಿಡಿದು ನಿಲ್ಲಿಸುವ ಪ್ರತಿಕಾಯವನ್ನು ಅವಳ ಮೈ ತಾನೇ ತಯಾರು ಮಾಡುತ್ತಿದೆ ಎಂದು ಇವತ್ತು ಹನ್ನೊಂದು ಗಂಟೆಗೆ ಹೈದರಾಬಾದಿನಿಂದ ವರದಿ ಬಂತು. ಮಕ್ಕಳ ಡಾಕ್ಟರಮ್ಮ ಫೋನಿನಲ್ಲಿ ಎರಡು ಸಲ ಓದಿ ಹೇಳಿದರು. ನಾನು ಮೂರನೆಯ ಸಲವೂ ಓದಿಸಿದೆ. ಅವಳ ಅಣ್ಣ ಮಲ್ಲುವಿಗೆ ಏಳು ವರ್ಷ. ಅವನ ಮೈ ಅದನ್ನು ತಯಾರು ಮಾಡುವುದಿಲ್ಲ, ತಿಂಗಳಿಗೊಮ್ಮೆ ಬಾಟಲಿಯಿಂದ ಹಾಕಿಸಬೇಕು. ಇವಳದೂ ಹಾಗೇ ಆದರೆ ಏನು ಗತಿ ಎಂದು ಒಂಬತ್ತು ತಿಂಗಳು ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಉಸಿರಾಡಿಲ್ಲ.

ಓಣಿಯಲ್ಲಿ ಎಲ್ಲರಿಗೂ ಸಕ್ಕರೆ ಹಂಚಿದೆ. ಯಾದಗಿರಿ ಸ್ಟೇಷನ್ನಿನ ಕಡೆಯಿಂದ ಬ್ಯಾಗು ಹೊತ್ತು ಬರುತ್ತಿದ್ದ ಗುರುತಿಲ್ಲದ ಒಬ್ಬನ ಕೈಗೂ ಹಾಕಿದೆ. ಅವನು ಯಾತಕ್ಕೆ ಎಂದು ಕೇಳಿದ. ಮೊದಲು ಬಾಯಿಗೆ ಹಾಕಿಕೊ, ಆಮೇಲೆ ಹೇಳುತ್ತೇನೆ ಎಂದೆ. ಹೇಳಲು ಶುರು ಮಾಡಿದ ಮೇಲೆ ಅವನು ಗಾಡಿ ತಪ್ಪುತ್ತದೆ ಎಂದು ಓಡಿದ. ಗಾಡಿ ಇಳಿದು ಬಂದವನಿಗೆ ಯಾವ ಗಾಡಿ ತಪ್ಪುತ್ತದೋ ನನಗೆ ತಿಳಿಯಲಿಲ್ಲ.

ಇಷ್ಟು ಸಂತೋಷದಲ್ಲಿ ಕೂತು ಬರೆಯುತ್ತಿದ್ದೇನೆ, ಆದರೆ ಬರೆಸುತ್ತಿರುವುದು ಸಿಟ್ಟು. ಮುಷ್ಟಿಯಲ್ಲಿ ಸಕ್ಕರೆ ಹಿಡಿದು ನಿಂತಾಗಲೇ ಇನ್ನೊಂದು ಮಗು ನೆನಪಾಯಿತು. ಆ ಮಗುವಿನ ರಕ್ತವನ್ನು ಇದೇ ಕೈಯಿಂದ ಮೋರಿಗೆ ಚೆಲ್ಲಿದ್ದೇನೆ.

ನಾನು ನಾಗಮ್ಮ. ಸುರಪುರ, ಶಹಾಪುರ, ಯಾದಗಿರಿ, ಈ ಮೂರು ಊರಿನ ಸರ್ಕಾರಿ ಆಸ್ಪತ್ರೆಗಳ ರಕ್ತ ಪರೀಕ್ಷೆ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಗಾಜಿನ ಕೊಳವೆ ತೊಳೆದವಳು. ನಾಲ್ಕನೇ ಈಯತ್ತೆ ಓದಿದ್ದೇನೆ. ಗಂಡ ಆಸ್ಪತ್ರೆಯ ಕಾವಲುಗಾರನಾಗಿದ್ದ. ಅವನು ತೀರಿದ ಮೇಲೆ, ಮಗಳು ಮಹಾದೇವಿ ಇನ್ನೂ ಮೊಣಕಾಲ ಮೇಲೆ ಹರಿದಾಡುವಾಗ, ನನಗೆ ಈ ಕೆಲಸ ಕೊಟ್ಟರು. ಬಡ್ತಿ ಗಿಡ್ತಿ ಬಗ್ಗೆ ಬರೆಯಲು ಏನೂ ಇಲ್ಲ. ತೊಳೆಯುವವಳು ತೊಳೆಯುವವಳೇ. ಈಗಿನ ಹುಡುಗಿಯರು ಗುತ್ತಿಗೆಯ ಮೇಲೆ ಬರುತ್ತಾರೆ, ಕೈಗವಸು ಹಾಕಿಕೊಂಡು ನಿಲ್ಲುತ್ತಾರೆ, ಯಾರಾದರೂ ಗದರಿದರೆ ತಲೆ ಬಗ್ಗಿಸುತ್ತಾರೆ. ಈ ಹುಡುಗಿಯರಿಗಾಗಿಯೇ ಬರೆದುಕೊಡು ಎಂದು ಯಾದಗಿರಿಯ ತಂತ್ರಜ್ಞೆ ರಜಿಯಾ ವರ್ಷದಿಂದ ನನ್ನ ಬೆನ್ನು ಹತ್ತಿದ್ದಳು. ಇವತ್ತು ಬರೆಯುತ್ತೇನೆ. ಯಾವ ತಪ್ಪು ಯಾವ ಊರಿನ ಆಸ್ಪತ್ರೆಯಲ್ಲಿ ನಡೆಯಿತು ಎಂದು ಮಾತ್ರ ಬರೆಯುವುದಿಲ್ಲ. ಬರೆದರೆ ನೀವು ಆ ಕಟ್ಟಡವನ್ನು ಬೈಯುತ್ತೀರಿ, ನಿಮ್ಮ ಕಟ್ಟಡ ಒಳ್ಳೆಯದು ಎಂದುಕೊಳ್ಳುತ್ತೀರಿ.

ನಾನು ಕೆಲಸಕ್ಕೆ ಸೇರಿದಾಗ ಎಲ್ಲವೂ ಗಾಜು. ಸೂಜಿ ಕುದಿಸಬೇಕು, ಕೊಳವೆ ಉಜ್ಜಬೇಕು, ಒಲೆಯ ಪೆಟ್ಟಿಗೆಯಲ್ಲಿ ಒಣಗಿಸಬೇಕು. ಪರೀಕ್ಷೆ ಮಾಡುವವರು ಗಾಜಿನ ಸಣ್ಣ ನಳಿಕೆ ಬಾಯಲ್ಲಿಟ್ಟು ರಕ್ತದ ನೀರನ್ನು ಎಳೆಯುತ್ತಿದ್ದರು. ಒಂದೊಂದು ಸಲ ಬಾಯೊಳಗೇ ಹೋಗುತ್ತಿತ್ತು. ಉಗುಳಿ, ಚಹಾ ತರಿಸಿ ಕುಡಿದು, ಮತ್ತೆ ಎಳೆಯುತ್ತಿದ್ದರು. ಈಗ ಹೇಳಿದರೆ ರಜಿಯಾ ಕಿವಿ ಮುಚ್ಚಿಕೊಳ್ಳುತ್ತಾಳೆ.

ಮೊದಲ ವರ್ಷವೇ ನನ್ನಿಂದ ದೊಡ್ಡ ತಪ್ಪಾಯಿತು. ಸೋಪಿನ ಪುಡಿ ಹಾಕಿ ತೊಳೆದ ಕೊಳವೆಗಳನ್ನು ಎರಡೇ ನೀರಿನಲ್ಲಿ ಜಾಲಿಸಿ ಇಟ್ಟುಬಿಟ್ಟೆ. ಮನೆಯಲ್ಲಿ ಮಗಳಿಗೆ ಜ್ವರವಿತ್ತು, ಬೇಗ ಹೋಗಬೇಕಿತ್ತು. ಮರುದಿನ ತುಂಬು ಬಸುರಿಯೊಬ್ಬಳ ರಕ್ತವನ್ನು ಅದರಲ್ಲಿ ಹಾಕಿದರು. ಸೋಪಿಗೆ ಕೆಂಪು ಕಣಗಳೆಲ್ಲ ಒಡೆದು ಕರಗಿ, ಕೊಳವೆಯ ತುಂಬ ದಾಳಿಂಬೆ ಶರಬತ್ತಿನಂತೆ ಆಯಿತು. ಆ ಹೆಣ್ಣುಮಗಳ ಕಣ್ಣಿನ ಅಂಚು ಬಿಳಿ ಕಾಗದದ ಹಾಗಿತ್ತು. ಅವಳ ಮೈಯಲ್ಲಿ ರಕ್ತವೇ ಇರಲಿಲ್ಲ, ಅಂಥವಳಿಗೆ ಮತ್ತೊಮ್ಮೆ ಸೂಜಿ ಚುಚ್ಚಿ ತೆಗೆದರು. ನನ್ನನ್ನು ಎಲ್ಲರೆದುರು ನಿಲ್ಲಿಸಿ ಬೈದರು. ಬೈದದ್ದು ಸರಿ. ಅವತ್ತಿನಿಂದ ಏಳು ನೀರು. ಆರರಲ್ಲಿ ನಿಲ್ಲಿಸಿದವಳಲ್ಲ. ಆದರೆ ಸೋಪಿನ ನಾಗಮ್ಮ ಎಂಬ ಹೆಸರು ಮಾತ್ರ ಅಂಟಿಕೊಂಡಿತು. ಮೂರು ಊರಿಗೂ ಅದು ನನಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು.

ಆ ಹೆಸರು ಒಂದು ಮಗುವನ್ನು ತಿಂದಿತು.

ದೇವಾಪುರದ ಹಣಮವ್ವ ಎಂಬುವಳ ಮಗ, ಮೂರು ವರ್ಷದವನು. ತಿಂಗಳಿಗೆರಡು ಸಲ ಬರುತ್ತಿದ್ದಳು. ಒಮ್ಮೆ ಕಿವಿ ಸೋರುತ್ತಿತ್ತು, ಒಮ್ಮೆ ಎದೆ ಕಟ್ಟಿರುತ್ತಿತ್ತು, ಒಮ್ಮೆ ಮೈಯೆಲ್ಲ ಕೀವಿನ ಗುಳ್ಳೆ. ಪ್ರತಿ ಸಲವೂ ಹೊಸ ರೋಗ ಎಂಬಂತೆ ಹೊಸ ಚೀಟಿ ಬರೆಯುತ್ತಿದ್ದರು. ಹಳೆಯ ಚೀಟಿಗಳನ್ನೆಲ್ಲ ಅವಳು ಸೆರಗಿನಲ್ಲಿ ಗಂಟು ಹಾಕಿ ತರುತ್ತಿದ್ದಳು, ಬಿಚ್ಚಿ ನೋಡುವವರಿರಲಿಲ್ಲ. ಒಂದು ಸಲ ವಿಷಮಜ್ವರ, ಟೈಫಾಯ್ಡು ಬಂತು. ಹೊರಗಿನಿಂದ ಬಂದ ಕಾಗದದಲ್ಲಿ ರಕ್ತದಲ್ಲಿ ಅದರ ಹುಳುವೇ ಸಿಕ್ಕಿದೆ ಎಂದಿತ್ತು. ನಮ್ಮಲ್ಲಿ ಮಾಡಿದ ಪರೀಕ್ಷೆಯಲ್ಲಿ ಆ ಜ್ವರದ ಪ್ರತಿಕಾಯ ಒಂದು ಚೂರೂ ಇಲ್ಲ. ಹುಳು ಇದೆ, ಅದರ ಮೇಲೆ ಬೀಳಬೇಕಾದ ಏಟು ಇಲ್ಲ. ಇದೇನು ಎಂದು ಯಾರಾದರೂ ಕೇಳಬೇಕಿತ್ತು. ಕೇಳಲಿಲ್ಲ.

ಕೊನೆಗೆ ಮಗುವಿಗೆ ರಕ್ತ ಹಾಕಬೇಕಾಯಿತು. ಗುಂಪು ನೋಡುವ ಕ್ರಮವನ್ನು ಹೊಸಬರಿಗೆ ಇಲ್ಲೇ ಹೇಳುತ್ತೇನೆ. ರಕ್ತವನ್ನು ನಿಲ್ಲಲು ಬಿಟ್ಟರೆ ಕೆಳಗೆ ಕೆಂಪು ಕಣ, ಮೇಲೆ ಹಳದಿ ನೀರು. ಮೊದಲು ಕಣ ನೋಡಿ ಗುಂಪು ಹೇಳುತ್ತಾರೆ. ಆಮೇಲೆ ತಾಳೆ ನೋಡಲು ಹಳದಿ ನೀರನ್ನೂ ಪರೀಕ್ಷಿಸಬೇಕು. ಓ ಗುಂಪಿನವರ ಹಳದಿ ನೀರಿನಲ್ಲಿ ಎ ಕಣವನ್ನೂ ಬಿ ಕಣವನ್ನೂ ಹಿಡಿದು ಗಂಟು ಕಟ್ಟುವ ಪ್ರತಿಕಾಯ ಇರಬೇಕು. ಕೂಸು ಹುಟ್ಟಿ ಕೆಲವು ತಿಂಗಳಿಗೆ ಅದು ತಾನಾಗಿ ಬರುತ್ತದೆ. ಕೊಳವೆಯಲ್ಲಿ ಕೂಡಿಸಿ ತಟ್ಟಿದರೆ ಕೆಂಪು ಗರಣೆಗಳು ಕಾಣಬೇಕು. ಹಣಮವ್ವನ ಮಗನ ಕಣ ಓ ಎಂದಿತು. ಹಳದಿ ನೀರು ಏನೂ ಅನ್ನಲಿಲ್ಲ. ಎ ಹಾಕಿದರೂ ನುಣ್ಣಗೆ, ಬಿ ಹಾಕಿದರೂ ನುಣ್ಣಗೆ.

ನಮ್ಮ ಹಿರಿಯ ತಂತ್ರಜ್ಞರನ್ನು ಎಲ್ಲರೂ ದೊಡ್ಡ ಸಾಹೇಬರು ಎನ್ನುತ್ತಿದ್ದರು. ಕೆಲಸದಲ್ಲಿ ಚುರುಕು, ತಮ್ಮ ಕೈಯ ಮೇಲೆ ಬಹಳ ನಂಬಿಕೆ. ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮತ್ತೆ ತೊಳೆದು ತರಲು ಹೇಳಿದರು. ತಂದೆ. ಮತ್ತೆ ನುಣ್ಣಗೆ. ಮೂರನೆಯ ಸಲ ಅವರೆದುರೇ ಏಳು ನೀರು ಎಣಿಸಿ ತೊಳೆದೆ. ಮತ್ತೆ ಹಾಗೇ.

"ಸೋಪ್ ಬಿಟ್ಟೀದಿ ನೀ," ಎಂದರು.

"ಸಾಹೇಬ್ರ, ಸೋಪ್ ಇದ್ರ ಕಣ ಕರಗತಾವ್ರಿ, ನೀರು ಕೆಂಪಾಗತದ. ನೋಡ್ರಿ, ಕಣ ಹಂಗೇ ಅವ. ಇದು ಸೋಪಿನ ಕೆಲಸ ಅಲ್ರಿ."

"ನನಗ ಕಲಸಾಕ ಬರ್ತೀಯೇನು? ಬರದು ಕೊಡು, ತಪ್ಪಾತು ಅಂತ."

ಬರೆದುಕೊಟ್ಟೆ. ನಾಲ್ಕನೇ ಈಯತ್ತೆಯ ಅಕ್ಷರದಲ್ಲಿ, ಕೊಳವೆ ಸರಿಯಾಗಿ ತೊಳೆಯಲಿಲ್ಲ, ಕ್ಷಮಿಸಬೇಕು ಎಂದು. ಸುಳ್ಳು ಬರೆದದ್ದು ನನ್ನ ಜೀವನದಲ್ಲಿ ಅದೊಂದೇ ಕಾಗದ. ಮಗಳು ಶಾಲೆಗೆ ಹೋಗುತ್ತಿದ್ದಳು, ಕೆಲಸ ಹೋದರೆ ಎಂಬ ಹೆದರಿಕೆ. ಸಾಹೇಬರು ಕಣದ ಫಲಿತಾಂಶವನ್ನಷ್ಟೇ ಬರೆದು, ಹಳದಿ ನೀರಿನ ಸಾಲನ್ನು ಖಾಲಿ ಬಿಟ್ಟು ಸಹಿ ಹಾಕಿದರು. ಉಳಿದ ರಕ್ತ ಚೆಲ್ಲು ಎಂದರು. ಚೆಲ್ಲಿದೆ.

ಹೊರಗೆ ಬಾಗಿಲ ಬಳಿ ಹಣಮವ್ವ ಕುಕ್ಕರಗಾಲಲ್ಲಿ ಕೂತಿದ್ದಳು. ನನ್ನ ಸೆರಗು ಹಿಡಿದು, "ಅಕ್ಕಾ, ನನ್ನ ಮಗನ ರಕ್ತದಾಗ ಏನರ ಕಂಡ್ತೇನು?" ಎಂದಳು. ಏನೂ ಇಲ್ಲವ್ವ ಎಂದೆ. ಅವಳಿಗೆ ಸಮಾಧಾನವಾಯಿತು. ನನಗೆ ಚಹಾ ಕುಡಿಯುತ್ತೀಯಾ ಎಂದು ಕೇಳಿದಳು.

ಎರಡು ತಿಂಗಳಿಗೆ ಮಗು ಎದೆಯ ಜ್ವರದಲ್ಲಿ ಹೋಯಿತು. ದೊಡ್ಡ ಸಾಹೇಬರು ಮುಂದೆ ನಿವೃತ್ತರಾದಾಗ ಹಾರ ಹಾಕಿದರು, ಭಾಷಣ ಮಾಡಿದರು. ಇಷ್ಟು ವರ್ಷದಲ್ಲಿ ಇವರ ಕೈಯಲ್ಲಿ ಒಂದು ತಪ್ಪು ಫಲಿತಾಂಶ ಬಂದಿಲ್ಲ ಎಂದು ಯಾರೋ ಹೊಗಳಿದರು. ನಾನು ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ಆ ಚಪ್ಪಾಳೆಗೆ ಈಗ ನನ್ನ ಕೈ ಕಡಿದುಕೊಳ್ಳಬೇಕು ಎನಿಸುತ್ತದೆ. ಅವರು ತಪ್ಪು ಬರೆಯಲಿಲ್ಲ, ಕಂಡದ್ದನ್ನು ಬರೆಯದೇ ಬಿಟ್ಟರು.

ಎಲ್ಲ ಸಿಟ್ಟನ್ನೂ ಅವರ ಮೇಲೆ ಹಾಕಿ ನಾನು ಪಾರಾಗುವಂತಿಲ್ಲ. ನನ್ನದೇ ಒಂದು ಜಾಣತನವಿದೆ, ಅದನ್ನೂ ಕೇಳಿ.

ನಮ್ಮ ಕಡೆ ಅಣ್ಣನ ಮಗನಿಗೆ ತಂಗಿಯ ಮಗಳನ್ನು ಕೊಡುವುದು ಹಕ್ಕಿನ ಮಾತು. ಸುರಪುರದ ನನ್ನ ಅಣ್ಣನ ಮಗ ಶರಣಪ್ಪ, ನಾರಾಯಣಪುರ ಡ್ಯಾಮಿನಲ್ಲಿ ಗೇಟಿನ ಕೆಲಸ, ಒಳ್ಳೆಯ ಹುಡುಗ. ಮಹಾದೇವಿ ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಆದರೆ ಆಸ್ಪತ್ರೆಗೆ ಬರುತ್ತಿದ್ದ ನರ್ಸಮ್ಮನವರು ಸಂಬಂಧದಲ್ಲಿ ಲಗ್ನ ಬೇಡ, ರಕ್ತ ಒಂದೇ ಆಗುತ್ತದೆ, ಮಕ್ಕಳಿಗೆ ತೊಂದರೆ ಎಂದು ಹೇಳುತ್ತಿದ್ದರು. ಮಹಾದೇವಿಯೂ ಅದನ್ನು ಶಾಲೆಯಲ್ಲಿ ಓದಿದ್ದಳು, ಹಿಂದೆ ಮುಂದೆ ನೋಡಿದಳು. ನಾನು ರಕ್ತದ ಕೋಣೆಯವಳಲ್ಲವೇ? ಇಬ್ಬರನ್ನೂ ಕರೆಸಿ ಗುಂಪು ನೋಡಿಸಿದೆ. ಅವಳದು ಓ, ಅವನದು ಬಿ. ಚೀಟಿಯನ್ನು ಮಗಳ ಮುಂದೆ ಹಿಡಿದು, ನೋಡು, ಇಬ್ಬರ ರಕ್ತ ಬೇರೆ ಬೇರೆ, ಇನ್ನೇನು ಹೆದರಿಕೆ ಎಂದೆ. ಅವಳು ನನ್ನನ್ನು ನಂಬಿದಳು. ಅಷ್ಟಕ್ಕೇ ಬಿಡಲಿಲ್ಲ ನಾನು. ಓಣಿಯಲ್ಲಿ ಇನ್ನೂ ನಾಲ್ಕು ಮನೆಯವರಿಗೆ ಇದೇ ಬುದ್ಧಿ ಹೇಳಿ, ಗುಂಪು ನೋಡಿಸಿ, ಲಗ್ನ ಮಾಡಿಸಿದೆ. ಗುಂಪು ಬೇರೆ ಇದ್ದರೆ ಅಕ್ಕಿ ಕಾಳು ಹಾಕಬಹುದು ಎಂದು ನನ್ನಷ್ಟಕ್ಕೆ ನಾನೇ ಡಾಕ್ಟರಾಗಿದ್ದೆ. ಕೊಳವೆ ತೊಳೆಯುವವಳ ಮಾತು ಸಾಹೇಬರು ಕೇಳಲಿಲ್ಲ, ಓಣಿಯವರು ಕೇಳಿದರು. ಎಲ್ಲಿ ಕೇಳಬಾರದೋ ಅಲ್ಲಿ ಕೇಳಿದರು.

ಮಲ್ಲು ಹುಟ್ಟಿದ. ಆರು ತಿಂಗಳು ಬೆಣ್ಣೆ ಮುದ್ದೆಯಂತಿದ್ದ. ಆಮೇಲೆ ಕಿವಿ ಸೋರಲು ಶುರುವಾಯಿತು. ಆಮೇಲೆ ಎದೆ ಕಟ್ಟಿತು. ಮೈ ಮೇಲೆ ಕೀವಿನ ಗುಳ್ಳೆ ಎದ್ದ ದಿನ ನನಗೆ ಹಣಮವ್ವನ ಮಗ ನೆನಪಾದ. ಆಗ ನಾನು ಯಾದಗಿರಿಯಲ್ಲಿದ್ದೆ, ನಿವೃತ್ತಿಗೆ ಇನ್ನೂ ಕೆಲವು ತಿಂಗಳಿತ್ತು. ಅಷ್ಟು ಹೊತ್ತಿಗೆ ಕ್ರಮಗಳೆಲ್ಲ ಬದಲಾಗಿದ್ದವು. ಪ್ಲಾಸ್ಟಿಕ್ ಕೊಳವೆ, ಬಳಸಿ ಬಿಸಾಡುವ ಸೂಜಿ, ಗುಂಪು ನೋಡಲು ಕಾರ್ಡು, ಎಣಿಸಲು ಯಂತ್ರ. ಎಲ್ಲ ಬೇಗ. ಬೇಗದ ಜೊತೆಗೆ ಹಳದಿ ನೀರಿನ ಪರೀಕ್ಷೆಯನ್ನು ಎಷ್ಟೋ ಕಡೆ ಬಿಟ್ಟೇಬಿಟ್ಟಿದ್ದರು. ಕಣ ನೋಡಿದರೆ ಸಾಕು, ಸಾಲು ನಿಂತಿದೆ, ಮುಂದಿನವರು ಬರ್ರಿ.

ರಜಿಯಾ ಆಗ ತಾನೇ ಕೆಲಸಕ್ಕೆ ಸೇರಿದ್ದಳು. ಮಲ್ಲುವಿಗೆ ಆಗ ಹದಿನಾಲ್ಕು ತಿಂಗಳು. ಅವನ ರಕ್ತ ಕೊಟ್ಟು, ಹಳದಿ ನೀರನ್ನೂ ನೋಡು, ಕಾರ್ಡಿನಲ್ಲಿ ಬೇಡ, ಗಾಜಿನಲ್ಲಿ ನೋಡು ಎಂದೆ. ಕಪಾಟಿನ ಮೂಲೆಯಲ್ಲಿದ್ದ ಹಳೆಯ ಕೊಳವೆಗಳನ್ನು ನಾನೇ ತೊಳೆದುಕೊಟ್ಟೆ. ಕಣ ಓ. ಹಳದಿ ನೀರಿಗೆ ಎ ಕಣ ಹಾಕಿದಳು, ಬಿ ಕಣ ಹಾಕಿದಳು, ತಿರುಗಿಸಿದಳು, ತಟ್ಟಿದಳು. ನುಣ್ಣಗೆ.

ಅವಳು ಏನೋ ಹೆಚ್ಚುಕಡಿಮೆಯಾಗಿದೆ ಎಂದು ಚೆಲ್ಲಲು ಕೈ ಎತ್ತಿದಳು. ನಾನು ಮಣಿಕಟ್ಟು ಹಿಡಿದುಕೊಂಡೆ.

"ಚೆಲ್ಲಬ್ಯಾಡವ್ವ."

"ಕೊಳವಿ ಸರಿ ತೊಳದಿಲ್ಲ ಅನಸ್ತದ ಅಮ್ಮ."

"ಕೊಳವಿ ತೊಳದಾಕಿ ನಾನೇ. ಏಳು ನೀರು. ಏನು ಕಾಣಾಕತ್ತದ ಅದನ್ನ ಬರಿ. ಸಹಿ ಮಾಡು. ಡಾಕ್ಟರಮ್ಮನ ಕೈಯಾಗ ನೀನೇ ಒಯ್ದು ಕೊಡು."

ಆ ಹುಡುಗಿಗೆ ಇಪ್ಪತ್ತಮೂರು ವರ್ಷ. ನನ್ನ ಮುಖ ನೋಡಿದಳು, ಬರೆದಳು, ಸಹಿ ಹಾಕಿದಳು. ಅವಳ ಆ ಒಂದು ಸಾಲಿನಿಂದ ನನ್ನ ಮೊಮ್ಮಗ ಬದುಕಿದ್ದಾನೆ. ಮಕ್ಕಳ ಡಾಕ್ಟರಮ್ಮ ಅದನ್ನು ಓದಿದವರೇ ಮಲ್ಲುವಿನ ಬಾಯಿ ತೆರೆಸಿ ಗಂಟಲು ನೋಡಿದರು, ಕಂಕುಳು ಮುಟ್ಟಿ ನೋಡಿದರು. ರೋಗ ತಡೆಯಲು ಎಲ್ಲರಿಗೂ ಇರಬೇಕಾದ ಸಣ್ಣ ಗಡ್ಡೆಗಳೇ ಇರಲಿಲ್ಲ. ಅವತ್ತೇ ಹೈದರಾಬಾದಿಗೆ ಕಳಿಸಿದರು.

ಅಲ್ಲಿಂದ ಕಾಗದ ಬಂದ ಮೇಲೆ ಡಾಕ್ಟರಮ್ಮ ನಮ್ಮನ್ನೆಲ್ಲ ಕೂಡಿಸಿಕೊಂಡು ತಿಳಿಸಿ ಹೇಳಿದರು. ಮೊದಲು ಏನೇನೋ ಅಕ್ಷರ ಹೇಳಿದರು, ನಮಗೆ ಹತ್ತಲಿಲ್ಲ. ಆಗ ಮಲ್ಲುವಿಗೆ ಸುತ್ತಿದ್ದ ಕೌದಿ ಅವರ ಕಣ್ಣಿಗೆ ಬಿತ್ತು. ನಾನು ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದದ್ದು. ಅದನ್ನು ಮೇಜಿನ ಮೇಲೆ ಹರಡಿದರು.

ಪ್ರತಿಕಾಯ ಎಂದರೆ ಇಂಥದೇ ಕೌದಿ ಎಂದರು. ಲೋಕದಲ್ಲಿ ರೋಗಗಳಿಗೆ ಲೆಕ್ಕವಿಲ್ಲ, ಒಂದೊಂದಕ್ಕೆ ಒಂದೊಂದು ಕೌದಿ ಮೊದಲೇ ಹೊಲಿದಿಡಲು ಮೈಯಲ್ಲಿ ಜಾಗವಿಲ್ಲ. ಅದಕ್ಕೇ ತುಂಡುಗಳನ್ನು ಮಾತ್ರ ಇಟ್ಟಿದೆ. ಹದಿನಾಲ್ಕನೆಯ ವರ್ಣತಂತು ಎಂಬ ದಾರದ ಮೇಲೆ ಸಾಲಾಗಿ ಪೋಣಿಸಿವೆ. ಮೊದಲು ದೊಡ್ಡ ತುಂಡುಗಳ ರಾಶಿ, ಬಳಕೆಗೆ ಬರುವವು ನಲವತ್ತರ ಸುಮಾರು, ಅದಕ್ಕಿಂತ ಹೆಚ್ಚು ಹರಿದು ಹಳತಾಗಿ ಕೆಲಸಕ್ಕೆ ಬಾರದೆ ಅಲ್ಲೇ ಬಿದ್ದಿವೆ. ಆಮೇಲೆ ಸಣ್ಣ ಚೂರುಗಳು, ಇಪ್ಪತ್ತು ಚಿಲ್ಲರೆ. ಆಮೇಲೆ ಸೇರಿಸುವ ಪಟ್ಟಿಗಳು, ಆರು. ಕೊನೆಯಲ್ಲಿ ಅಡಿಬಟ್ಟೆಗಳ ಸಾಲು. ಪ್ರತಿಕಾಯ ಮಾಡುವ ಒಂದೊಂದು ಕಣವೂ ಮೂರು ರಾಶಿಯಿಂದ ಒಂದೊಂದನ್ನು ಎತ್ತಿ, ನಡುವೆ ಇದ್ದದ್ದನ್ನೆಲ್ಲ ಕತ್ತರಿಸಿ ಬಿಸಾಡಿ, ಜೋಡಿಸಿ ಹೊಲಿಯುತ್ತದೆ. ಹೊಲಿಗೆಯ ಕಡೆ ಒಂದೆರಡು ಎಳೆ ಹೆಚ್ಚು, ಒಂದೆರಡು ಎಳೆ ಕಡಿಮೆ ಮಾಡುತ್ತದೆ. ಇದು ಕೌದಿಯ ಭಾರವಾದ ಅರ್ಧ. ಹಗುರ ಅರ್ಧದ ತುಂಡುಗಳು ಬೇರೆ ಎರಡು ದಾರದ ಮೇಲಿವೆ, ಎರಡನೆಯದು ಮತ್ತು ಇಪ್ಪತ್ತೆರಡನೆಯದು. ಹೀಗೆ ಬೆರಳೆಣಿಕೆಯ ಚಿಂದಿಯಿಂದ ಕೋಟಿ ಕೋಟಿ ಬಗೆಯ ಕೌದಿ. ಯಾವ ರೋಗ ಬಂದರೂ ಅದಕ್ಕೆ ಒಪ್ಪುವ ಒಂದು ಎಲ್ಲೋ ಇರುತ್ತದೆ.

ನಾನು ಕೌದಿ ಹೊಲಿಯುವವಳು, ನನಗೆ ಒಂದು ಅನುಮಾನ ಬಂತು. ಕತ್ತರಿಸಿ ಬಿಸಾಡಿದ ಮೇಲೆ ಮಕ್ಕಳಿಗೆ ಕೊಡಲು ಏನು ಉಳಿಯುತ್ತದೆ ಎಂದು ಕೇಳಿದೆ. ಡಾಕ್ಟರಮ್ಮ ನನ್ನ ಕಡೆ ಕುರ್ಚಿ ಎಳೆದುಕೊಂಡರು. ಮಕ್ಕಳಿಗೆ ಹೋಗುವ ಬೀಜದಲ್ಲಿ ಕತ್ತರಿ ಆಡುವುದಿಲ್ಲ, ಅಲ್ಲಿ ಸಾಲು ಇದ್ದ ಹಾಗೇ ಇರುತ್ತದೆ ಎಂದರು. ಹರಿದದ್ದಿದ್ದರೆ ಹರಿದದ್ದೂ ಹಾಗೇ ಹೋಗುತ್ತದೆ.

ನಮ್ಮದು ಹರಿದದ್ದು ಮೊದಲ ಅಡಿಬಟ್ಟೆ. ಅದಿಲ್ಲದೆ ಯಾವ ತುಂಡನ್ನು ಜೋಡಿಸಿದರೂ ಕೌದಿ ನಿಲ್ಲದು. ಕೌದಿ ಮುಗಿಸಲಾಗದ ಕಣವನ್ನು ಮೈ ಇಟ್ಟುಕೊಳ್ಳುವುದಿಲ್ಲ, ಎಲ್ಲವನ್ನೂ ತೆಗೆದುಹಾಕುತ್ತದೆ. ಅದಕ್ಕೇ ಮಲ್ಲುವಿನ ಹಳದಿ ನೀರು ಬರೀ ನೀರು. ಪ್ರತಿಯೊಬ್ಬರಿಗೂ ಆ ದಾರ ಎರಡು, ತಾಯಿಯದೊಂದು, ತಂದೆಯದೊಂದು. ಒಂದು ಹರಿದರೆ ಇನ್ನೊಂದು ನಡೆಸುತ್ತದೆ, ಗೊತ್ತೇ ಆಗುವುದಿಲ್ಲ. ನನ್ನ ಅಪ್ಪನಿಂದಲೋ ಅವ್ವನಿಂದಲೋ ಹರಿದದ್ದೊಂದು ನನಗೂ ಬಂತು, ಅಣ್ಣನಿಗೂ ಬಂತು. ನನ್ನಿಂದ ಮಹಾದೇವಿಗೆ, ಅಣ್ಣನಿಂದ ಶರಣಪ್ಪನಿಗೆ. ಎರಡೂ ಬಂದು ಮಲ್ಲುವಿನಲ್ಲಿ ಕೂಡಿದವು. ಮುಂದಿನ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಹೀಗೇ ಆಗಬಹುದು ಎಂದರು.

"ಗುಂಪು ಬ್ಯಾರೆ ಇತ್ತಲ್ರಿ," ಎಂದೆ ನಾನು.

ಗುಂಪಿಗೂ ಇದಕ್ಕೂ ಸಂಬಂಧವೇ ಇಲ್ಲ, ಅದು ಇನ್ನೊಂದೇ ದಾರ ಎಂದರು ಡಾಕ್ಟರಮ್ಮ. ಮಹಾದೇವಿ ತಿರುಗಿ ನನ್ನನ್ನು ನೋಡಿದಳು. "ಯವ್ವ, ಚೀಟಿ ತೋರ್ಸಿದ್ದಿ," ಎಂದಳು. ಅಷ್ಟೇ. ಅವತ್ತಿನಿಂದ ಅವಳು ನನ್ನೊಡನೆ ಬೇಕಾದಷ್ಟು ಮಾತ್ರ ಆಡಿದಳು. ಆಸ್ಪತ್ರೆ ಹತ್ತಿರವೆಂದು ನನ್ನ ಮನೆಯಲ್ಲೇ ಇದ್ದು, ಮಲ್ಲುವಿಗೆ ರೋಗ ತಗಲೀತೆಂದು ಬೇರೆ ತಟ್ಟೆ, ಬೇರೆ ನೀರು ಇಟ್ಟು, ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಉಣಿಸಿ, ತಾನೂ ಅಲ್ಲೇ ಉಂಡಳು. ತಿಂಗಳ ಬಾಟಲಿ ತಪ್ಪದಿದ್ದರೆ ಅವನು ಎಲ್ಲರ ಜೊತೆ ಉಣ್ಣಬಹುದು ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಆ ಬಾಟಲಿಯಲ್ಲಿರುವುದು ಸಾವಿರಾರು ಜನ ಕೊಟ್ಟ ರಕ್ತದಿಂದ ಸೋಸಿದ ಪ್ರತಿಕಾಯ. ಯಾರು ಯಾರ ಕೌದಿಯನ್ನೋ ಹೊದ್ದು ನನ್ನ ಮೊಮ್ಮಗ ಶಾಲೆಗೆ ಹೋಗುತ್ತಾನೆ.

ನಿವೃತ್ತಳಾದ ವಾರವೇ ದೇವಾಪುರಕ್ಕೆ ಹೋದೆ. ಹಣಮವ್ವನ ಕೂದಲು ಬೆಳ್ಳಗಾಗಿತ್ತು. ನಿನ್ನ ಮಗನ ರಕ್ತ ಅವತ್ತೇ ಹೇಳಿತ್ತು, ನಾವು ಚೆಲ್ಲಿದೆವು, ನಾನು ಸುಳ್ಳು ಬರೆದುಕೊಟ್ಟೆ ಎಂದು ಎಲ್ಲ ಹೇಳಿದೆ. ಅವಳು ಕೂಗಾಡಲಿಲ್ಲ. ಕುಡಿಯಲು ನೀರು ತಂದು ಮುಂದಿಟ್ಟಳು. ನಾನು ಕುಡಿಯುವವರೆಗೆ ಕಾದಳು. "ಆವತ್ತ ಯಾಕ ಹೇಳ್ಲಿಲ್ಲ ಅಕ್ಕಾ?" ಎಂದಳು. ಇಪ್ಪತ್ತೆಂಟು ವರ್ಷ ಯಾವ ಸಾಹೇಬರೂ ನನ್ನನ್ನು ಹಾಗೆ ಹೊಡೆದಿರಲಿಲ್ಲ. ಅಲ್ಲಿಂದ ಬಂದವಳೇ ಲಗ್ನ ಮಾಡಿಸಿದ ಆ ನಾಲ್ಕು ಮನೆಗೂ ಹೋಗಿ ನಾನು ಹೇಳಿದ್ದು ತಪ್ಪು ಎಂದು ಹೇಳಿಬಂದೆ. ಇಬ್ಬರು ಕೇಳಿಸಿಕೊಂಡರು. ಒಬ್ಬರು ಬಾಗಿಲು ಹಾಕಿದರು. ನಾಲ್ಕನೆಯವರು ಸೊಸೆಗೆ ತಿಳಿಸಬೇಡ ಎಂದು ಕೈ ಮುಗಿದರು, ನಾನು ಅವಳೆದುರೇ ಹೇಳಿದೆ.

ಮಹಾದೇವಿ ಮತ್ತೆ ಬಸುರಾದಾಗ ನಮ್ಮ ಅತ್ತಿಗೆ ಈರಮ್ಮ, ಶರಣಪ್ಪನ ತಾಯಿ, ಸುರಪುರದಿಂದ ಬಂದು ಅಂಗಳದಲ್ಲೇ ನಿಂತು ಮಾತಾಡಿದಳು. ಇದೂ ಹಂಗೇ ಆದರೆ ಮಗನಿಗೆ ಬೇರೆ ಹೆಣ್ಣು ನೋಡುವುದೇ ಸೈ ಎಂದಳು.

"ನೋಡ್ರಿ ಅತ್ತಿಗಿ," ಎಂದೆ ನಾನು. "ಹರದದ್ದು ನಿಮ್ಮ ಮಗನ ದಾರದಾಗೂ ಅದ. ನಿಮ್ಮ ಗಂಡನ ದಾರದಾಗೂ ಅದ. ಅವರಿಗೂ ಬ್ಯಾರೆ ನೋಡೂಣೇನು?"

ಅಣ್ಣ ಹಿಂದೆ ನಿಂತವನು ಕೆಮ್ಮಿದ. ಈರಮ್ಮ ಅವತ್ತು ನೀರೂ ಕುಡಿಯದೆ ಹೋದಳು.

ಕೂಸು ಹುಟ್ಟಿದ ದಿನವೇ ಪರೀಕ್ಷೆ ಮಾಡಬಹುದಿತ್ತು. ಡಾಕ್ಟರಮ್ಮ ಹೇಳಿದರು. ಮಹಾದೇವಿ ಒಪ್ಪಲಿಲ್ಲ. ತಾಯಿಯ ಪ್ರತಿಕಾಯ ಕೆಲವು ತಿಂಗಳು ಕೂಸನ್ನು ಕಾಯುತ್ತದೆಯಂತೆ, ಅಷ್ಟು ದಿನವಾದರೂ ಹೆದರಿಕೆ ಇಲ್ಲದೆ ಹಾಲು ಕುಡಿಸುತ್ತೇನೆ, ಯಾರೂ ಸೂಜಿ ತರಬೇಡಿ ಎಂದಳು. ನನಗೆ ಒಳಗೊಳಗೇ ಬೆಂಕಿ. ಆದರೆ ಚೀಟಿ ತೋರಿಸಿದವಳಿಗೆ ಯಾವ ಬಾಯಿ? ಕಳೆದ ತಿಂಗಳು ಭಾಗ್ಯಳಿಗೆ ಕೆಮ್ಮು ಬಂತು, ಒಂದು ಕಿವಿ ಕೆಂಪಾಯಿತು. ಮಹಾದೇವಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ತಾನೇ ಆಸ್ಪತ್ರೆಗೆ ನಡೆದಳು. ರಕ್ತ ತೆಗೆದು ಹೈದರಾಬಾದಿಗೆ ಕಳಿಸಿದರು.

ವರದಿ ಬರುವ ತನಕ ನನಗೆ ತಡೆಯಲಾಗಲಿಲ್ಲ. ಇವತ್ತು ಬೆಳಿಗ್ಗೆ ಭಾಗ್ಯಳನ್ನು ಕಿವಿ ತೋರಿಸಲು ಒಯ್ದಾಗ ಬೆರಳಿನಿಂದ ಸ್ವಲ್ಪ ರಕ್ತ ತೆಗೆಸಿದೆ. ಇದೊಂದನ್ನೇ ನಂಬಬೇಡ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ನಂಬುವುದಿಲ್ಲ, ನೋಡುತ್ತೇನೆ ಎಂದೆ. ಕೊಳವೆಗೆ ಏಳು ನೀರು ಹಾಕಿದೆ. ಆರು ವರ್ಷದ ಮೇಲೆ ಮುಟ್ಟಿದ್ದು, ಕೈ ಮರೆತಿರಲಿಲ್ಲ. ಕಣ ಓ. ರಜಿಯಾ ಹಳದಿ ನೀರಿಗೆ ಎ ಕಣ ಹಾಕಿ, ತಿರುಗಿಸಿ, ನನ್ನ ಕೈಗೇ ಕೊಟ್ಟಳು. ತಟ್ಟಲು ನನಗೆ ಧೈರ್ಯ ಬರಲಿಲ್ಲ. "ತಟ್ರಿ ಅಮ್ಮ," ಎಂದಳು. ತಟ್ಟಿದೆ. ತಳದಿಂದ ಒಂದು ಕೆಂಪು ಗರಣೆ ಎದ್ದಿತು, ಸಾಸಿವೆ ಕಾಳಿನಷ್ಟು. ಅದರ ಹಿಂದೆ ಇನ್ನೊಂದು. ಬಿ ಕೊಳವೆಯಲ್ಲೂ ಎದ್ದವು. ರಜಿಯಾ ಹಳದಿ ನೀರಿನ ಸಾಲಿನಲ್ಲಿ ಬರೆದು ಸಹಿ ಹಾಕುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಇನ್ನೊಮ್ಮೆ ಮಗಳಿಗೆ ಅರ್ಧ ತಿಳಿದದ್ದನ್ನು ಹೇಳುವವಳಲ್ಲ ನಾನು. ಹನ್ನೊಂದಕ್ಕೆ ಫೋನು ಬಂತು. ಕೌದಿ ಹೊಲಿಯುವ ಕಣಗಳೂ ಇವೆ, ಪ್ರತಿಕಾಯವೂ ಇದೆ, ವಯಸ್ಸಿಗೆ ತಕ್ಕಷ್ಟಿದೆ.

ಹೊಸದಾಗಿ ಕೆಲಸಕ್ಕೆ ಬರುವ ತಂಗಿಯರೇ, ನಿಮ್ಮ ಕೈಯಲ್ಲಿ ಗಾಜು ಇರುವುದಿಲ್ಲ, ಏಳು ನೀರೂ ಬೇಕಿಲ್ಲ. ಆದರೆ ತಾಳೆಯಾಗದ ಫಲಿತಾಂಶ ಬಂದಾಗ ಮೊದಲು ನಿಮ್ಮ ಮೇಲೆಯೇ ಹಾಕುತ್ತಾರೆ. ತಪ್ಪು ನಿಮ್ಮದಾದರೆ ಒಪ್ಪಿಕೊಳ್ಳಿ. ನಿಮ್ಮದಲ್ಲದಿದ್ದರೆ ಬರೆದುಕೊಡಬೇಡಿ. ಚೆಲ್ಲು ಎಂದರೆ ಚೆಲ್ಲಬೇಡಿ, ಇನ್ನೊಬ್ಬರಿಗೆ ತೋರಿಸಿ, ಮತ್ತೊಬ್ಬರಿಗೆ ತೋರಿಸಿ. ಬಾಗಿಲ ಬಳಿ ಯಾರೋ ಚೀಟಿಗಳ ಗಂಟು ಹಿಡಿದು ಕೂತಿರುತ್ತಾರೆ.

ಸಂಜೆ ಶರಣಪ್ಪ ನಾರಾಯಣಪುರದಿಂದ ಬಸ್ಸಿಗೆ ಬಂದ. ಸುರಪುರದಿಂದ ಅಣ್ಣ, ಈರಮ್ಮ ಬಂದರು. ಈರಮ್ಮ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಯಾರೂ ಕರೆಯದಿದ್ದರೂ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ನಾನು ಗೋಧಿ ಹುಗ್ಗಿ ಮಾಡಿದ್ದೆ, ಎಣ್ಣೆಗಾಯಿ ಮಾಡಿದ್ದೆ. ಪಡಸಾಲೆಯಲ್ಲಿ ಎದುರು ಬದುರು ಸಾಲಾಗಿ ತಟ್ಟೆ ಇಟ್ಟೆ. ಎಷ್ಟು ಇಡಬೇಕು ಎಂದು ತಿಳಿಯದೆ ಐದಕ್ಕೆ ನಿಲ್ಲಿಸಿದೆ.

ಒಳಕೋಣೆಯ ಬಾಗಿಲು ತೆರೆಯಿತು. ಮಹಾದೇವಿ ಭಾಗ್ಯಳನ್ನು ಕಂಕುಳಲ್ಲಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಮಲ್ಲುವಿನ ತಟ್ಟೆ ಹಿಡಿದು ಹೊರಗೆ ಬಂದಳು. ತಟ್ಟೆಯನ್ನು ಸಾಲಿನ ನಡುವೆ, ನನ್ನ ಪಕ್ಕದಲ್ಲಿ ಇಟ್ಟಳು. ಮಲ್ಲು ಆ ಕಡೆ ಈ ಕಡೆ ನೋಡಿ, ಕೂತುಕೊಳ್ಳಲೇ ಎಂದು ಕಣ್ಣಲ್ಲೇ ಕೇಳಿದ. ಅಣ್ಣ ಸರಿದು ಜಾಗ ಮಾಡಿದ. ಮಹಾದೇವಿ ನನ್ನ ಎದುರಿಗೆ ಕೂತಳು. ಭಾಗ್ಯ ಅವಳ ತೊಡೆಯ ಮೇಲಿಂದ ಬಗ್ಗಿ, ಮಲ್ಲುವಿನ ತಟ್ಟೆಯ ಹುಗ್ಗಿಗೆ ಐದೂ ಬೆರಳು ಹಾಕಿದಳು. ನಾವೆಲ್ಲ ಮಹಾದೇವಿಯ ಕಡೆ ನೋಡಿದೆವು. ಅವಳು ಕೂಸಿನ ಕೈ ಎಳೆಯಲಿಲ್ಲ.

ಮಲ್ಲು ತಂಗಿಯ ಬೆರಳಿಗಂಟಿದ ಹುಗ್ಗಿ ನೆಕ್ಕಿ ನಕ್ಕ. ಮಹಾದೇವಿ ಬಿಸಿ ರೊಟ್ಟಿ ಮುರಿದು, ಅರ್ಧ ತನ್ನ ತಟ್ಟೆಯಲ್ಲಿಟ್ಟುಕೊಂಡು, ಅರ್ಧ ನನ್ನ ತಟ್ಟೆಗೆ ಹಾಕಿದಳು.

"ಉಣ್ಣವ್ವ," ಎಂದಳು. "ಆರತದ."